ಹರಿವಾಣದ ಹೊರಗೆ ಕುಳಿತ ಉಚ್ಚೆಂಗಮ್ಮ

ಉಚ್ಚೆಂಗಮ್ಮನ ಬಾಯಿಗೆ ಅಂಜದವರು ಆಗಿನ ಹೊಸಪೇಟೆಯಲ್ಲಿ ಇಬ್ಬರೇ. ಸ್ಟೇಷನ್ನಿನ ಕಿವುಡ ಹಮಾಲ ಒಬ್ಬ, ಗುಂತಕಲ್ಲಿನಿಂದ ಬರುವ ರೈಲು ಇನ್ನೊಂದು. ಮಿಕ್ಕವರೆಲ್ಲ, ತಹಶೀಲ್ದಾರರ ಕಚೇರಿಯ ಜವಾನನಿಂದ ಹಿಡಿದು ಅಕ್ಕಿ ಗಿರಣಿಯ ಸಾಹುಕಾರ ದೊಡ್ಡಬಸಪ್ಪನವರ ತನಕ, ಅವಳ ಮನೆಯ ಮುಂದೆ ಹಾಯುವಾಗ ಹೆಜ್ಜೆಯನ್ನು ಸ್ವಲ್ಪ ಬಿರುಸಾಗಿಯೇ ಹಾಕುತ್ತಿದ್ದರು.

ಚಿತ್ತವಾಡ್ಗಿಯಲ್ಲಿ ಅವಳದೊಂದು ಮಣ್ಣಿನ ಮಾಳಿಗೆಯ ಮನೆ, ಮನೆಯ ಮುಂದೆಯೇ ಮಂಡಾಳಿನ, ಅಂದರೆ ಮಂಡಕ್ಕಿಯ, ಭಟ್ಟಿ. ನೆಲ್ಲು ನೆನೆಸಿ, ಕುದಿಸಿ, ಒಣಗಿಸಿ, ಕುಟ್ಟಿ, ಆ ಅಕ್ಕಿಗೆ ಉಪ್ಪುನೀರು ಸವರಿ ಕಾದ ಮರಳಿನಲ್ಲಿ ಸುರಿದರೆ ಕ್ಷಣದಲ್ಲಿ ಮಲ್ಲಿಗೆಯ ಮೊಗ್ಗಿನಂತೆ ಅರಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ಭಟ್ಟಿಯ ಬೆಂಕಿಯ ಮುಂದೆ ಕೂತೇ ಮಗ ಜಂಬಣ್ಣನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವನು ಸಂಡೂರಿನ ಕಡೆ ಯಶವಂತನಗರದ ಹತ್ತಿರ ಮ್ಯಾಂಗನೀಸ್ ಗಣಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ನೆಲೆ ನಿಂತಿದ್ದ. ಇಲ್ಲಿ ಇವಳೊಬ್ಬಳೇ. ಕೈ ಭಟ್ಟಿಯಲ್ಲಿ, ಬಾಯಿ ಬೀದಿಯಲ್ಲಿ. ಅವಳಿಂದ ಒಮ್ಮೆ ಬೈಸಿಕೊಂಡವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ, ಮಂಡಾಳು ಬೇಕಾದರೆ ಪಕ್ಕದ ಮನೆಯವರ ಕೈಲಿ ತರಿಸಿಕೊಳ್ಳುತ್ತಿದ್ದರು. ಅಂಥ ಮಂಡಾಳನ್ನು ಬಿಟ್ಟಿರುವುದೂ ಕಷ್ಟವಾಗಿತ್ತು ನೋಡಿ.

ಈ ಬಾಯಿ ಹುಟ್ಟಿನಿಂದ ಬಂದದ್ದು ಅರ್ಧ. ಇನ್ನರ್ಧ ಕಂಪ್ಲಿಯಿಂದ ಬಂದದ್ದು.

ಕಂಪ್ಲಿಯಲ್ಲಿ ಅವಳ ಒಡಹುಟ್ಟಿದ ಅಣ್ಣ ಚನ್ನಯ್ಯ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆದುಕೊಂಡಿದ್ದ. ಅವನಿಗೆ ಮಗಳು ಹುಟ್ಟಿ ಹುಲಿಗೆಮ್ಮ ಎಂದು ಹೆಸರಿಟ್ಟ ದಿನ, ತೊಟ್ಟಿಲ ಮುಂದೆ ನಿಂತು ತಂಗಿಗೆ ಹೇಳಿದ್ದ: "ಇಕಿ ನಿನ್ನ ಸೊಸಿ, ತಗೋ." ಆ ಜನರಲ್ಲಿ ತೊಟ್ಟಿಲ ಮುಂದೆ ಆಡಿದ ಮಾತೆಂದರೆ ಅರ್ಧ ಮದುವೆ ಆದಂತೆಯೇ. ಅಂದಿನಿಂದ ಉಚ್ಚೆಂಗಮ್ಮ ವರ್ಷವರ್ಷವೂ ಕಂಪ್ಲಿಗೆ ಹೋಗಿ ಆ ಹುಡುಗಿಯ ಉಡಿ ತುಂಬ ಮಂಡಾಳು ಸುರಿದು ಬರುತ್ತಿದ್ದಳು. ಹುಡುಗಿಯೂ ಅತ್ತೆಯ ಗಾಡಿ ಬರುವ ದಾರಿಯನ್ನೇ ಕಾಯುತ್ತಿತ್ತು. ಆದರೆ ಹುಲಿಗೆಮ್ಮ ಮದುವೆಯ ವಯಸ್ಸಿಗೆ ಬಂದಾಗ ಹೊಳೆಯಾಚೆ ಗಂಗಾವತಿಯ ಕಡೆಯಿಂದ ಉಳ್ಳವರ ಮನೆಯ ಸಂಬಂಧ ಬಂತು, ಚನ್ನಯ್ಯ ಒಪ್ಪಿಬಿಟ್ಟ. ತಂಗಿಗೆ ಒಂದು ಮಾತು ಕೂಡ ಹೇಳಿ ಕಳಿಸಲಿಲ್ಲ.

ಉಚ್ಚೆಂಗಮ್ಮ ಕರೆಯದೆಯೇ ಹೋದಳು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಹಂದರದ ಮುಂದೆ ನಿಂತು, ಬಗ್ಗಿ ಹಿಡಿ ಮಣ್ಣು ತೆಗೆದು, ಬಲಗೈ ಎತ್ತಿ ತೂರಿದಳು. "ನನ್ನ ಸೊಸಿ ಆಗಬೇಕಾದಾಕಿ ಇನ್ನೊಬ್ಬರ ಮನ್ಯಾಗ ಹ್ಯಾಂಗ ಬಾಳೇವು ಮಾಡ್ತಾಳ, ನಾನೂ ನೋಡ್ತೀನಿ!" ಎಂದಳು. ಮಣ್ಣು ಮದುಮಗಳ ಸೆರಗಿನ ಮೇಲೆ ಬಿತ್ತು. ವಾಲಗದವರು ಬಾಯಿಂದ ವಾದ್ಯ ತೆಗೆದು ನೋಡುತ್ತ ನಿಂತರು.

ವರ್ಷ ತುಂಬುವುದರೊಳಗೆ ಮದುಮಗನಾಗಿದ್ದ ಆ ಹುಡುಗ ಕ್ಷಯದಿಂದ ಸತ್ತ. ಹುಲಿಗೆಮ್ಮ ಬರಿಗೈಯಲ್ಲಿ ತವರಿಗೆ ಬಂದಳು. ಊರವರಿಗೆ ಇನ್ನೇನು ಬೇಕು? "ಮಣ್ಣು ತೂರಿದಾಕಿ" ಎಂದು ಉಚ್ಚೆಂಗಮ್ಮನಿಗೆ ಹೆಸರು ಬಿತ್ತು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ತಮಾಷೆಯೆಂದರೆ ಜಂಬಣ್ಣನಿಗೆ ಈ ವಿಷಯದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಅವನು ಗಣಿಯ ಮೇಸ್ತ್ರಿಯ ಮಗಳನ್ನು ಮದುವೆಯಾಗಿ ಸುಖವಾಗಿದ್ದ. ಹಗೆ ಪೂರ್ತಿ ತಾಯಿಯದೇ, ಅದರ ಕೆಳಗಿದ್ದ ಅಂಜಿಕೆಯೂ ಅವಳದೇ. ನನ್ನ ಕೈಯೇ ಆ ಹುಡುಗನನ್ನು ಕೊಂದಿತು ಎಂದು ಅವಳು ಒಳಗೊಳಗೇ ನಂಬಿದ್ದಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆ ಒಂದು ಮಾತು ಹೊರಗೆ ಬರಬಾರದೆಂದು ಬೇರೆ ಮಾತುಗಳನ್ನೆಲ್ಲ ಊರ ಮೇಲೆ ಚೆಲ್ಲುತ್ತಿದ್ದಳೋ ಏನೋ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಭಟ್ಟಿಯ ಬಾಣಲೆ ಜಾರಿ ಕಾದ ಮರಳು ಅವಳ ಬಲಗೈ ಮೇಲೆ ಸುರಿಯಿತು. ಮೊಣಕೈ ತನಕ ಬೊಬ್ಬೆ ಎದ್ದಿತು. ನೆರೆಹೊರೆಯವರು ಬಾಗಿಲಲ್ಲಿ ಇಣುಕಿ "ಅಯ್ಯೋ" ಎಂದು ಹೋದರು. ಒಳಗೆ ಬರಲು ಯಾರಿಗೂ ಧೈರ್ಯವಿಲ್ಲ. ಮರುದಿನ ಬೆಳಿಗ್ಗೆ ಬಂದವರು ರೈಲ್ವೆ ಗೇಟಿನ ಹತ್ತಿರದ ಸಣ್ಣ ಹೆಂಚಿನ ಚರ್ಚಿನ ಹೆಂಗಸರು. ಅಲ್ಲಿನ ಉಪದೇಶಿಗಳ ಹೆಂಡತಿ ಸುಗುಣಮ್ಮನವರು ಗುರುವಾರಕ್ಕೊಮ್ಮೆ ಒಂದು ಕೂಟ ನಡೆಸುತ್ತಿದ್ದರು. ಏಳೆಂಟು ಜನ ಹೆಂಗಸರು ಸೇರಿ ಹಾಡುವುದು, ಪ್ರಾರ್ಥನೆ ಮಾಡುವುದು, ಕೇರಿಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆಂದು ಕೇಳಿ ಅವರ ಮನೆಗೆ ಹೋಗುವುದು. ಸುಗುಣಮ್ಮನವರು ಕೈಗೆ ಎಣ್ಣೆ ಸವರಿ ಬಟ್ಟೆ ಸುತ್ತಿದರು. ಅವರ ಜೊತೆ ಬಂದಿದ್ದ ಇಬ್ಬರು ಸೆರಗು ಕಟ್ಟಿ ಭಟ್ಟಿಯ ಮುಂದೆ ಕುಳಿತರು. ಅಕ್ಕಿ ಅಷ್ಟೂ ಕರಕಲಾಯಿತು.

"ಏನ್ರೀ ಅಮ್ಮಾರ, ಇದು ಮಂಡಾಳೇನ್ರಿ, ಇದ್ದಲೇನ್ರಿ? ನಿಮ್ಮ ಕೈಗೆ ಸೌಟು ಕೊಟ್ಟಾಕಿ ಯಾರು? ನಿಮ್ಮ ಗಂಡಂದಿರು ಇನ್ನೂ ಹ್ಯಾಂಗ ಜೀವಂತ ಅದಾರ್ರೀ?" ಉಚ್ಚೆಂಗಮ್ಮ ಮಲಗಿದ ಕಡೆಯಿಂದಲೇ ಬೆವರಿಳಿಸಿದಳು.

"ನಾಳಿ ಚಲೋ ಹುರೀತೀವಿ ತಗೋರಿ," ಎಂದರು ಸುಗುಣಮ್ಮನವರು.

ನಾಳೆಯೂ ಬಂದರು. ನಾಳೆಯೂ ಸುಟ್ಟರು, ನಾಳೆಯೂ ಬೈಸಿಕೊಂಡರು. ಮೂರನೆಯ ದಿನ ಅರ್ಧ ಅರಳಿತು. ಕೈ ಮಾಯುವ ತನಕ ಅವರು ಒಂದು ದಿನವೂ ತಪ್ಪಿಸಲಿಲ್ಲ. ಉಚ್ಚೆಂಗಮ್ಮನ ಜೀವಮಾನದಲ್ಲಿ ಬೈಸಿಕೊಂಡು ತಿರುಗಿ ಬಂದವರು ಇವರೇ ಮೊದಲಿಗರು. ಇದು ಅವಳನ್ನು ಎಷ್ಟು ಕಾಡಿತೆಂದರೆ, ಕೈ ವಾಸಿಯಾದ ಮೇಲೆ ಒಂದು ಗುರುವಾರ ತಾನೇ ಚರ್ಚಿಗೆ ಹೋಗಿ ಹಿಂದಿನ ಗೋಡೆಗೆ ಒರಗಿ ಕುಳಿತಳು. ಇವರು ಯಾತರ ಮಣ್ಣಿನಿಂದ ಆದವರು ಎಂದು ನೋಡುವುದಕ್ಕೆ. ಮತ್ತೊಂದು ಗುರುವಾರವೂ ಹೋದಳು. ಹಾಡು ಕೇಳಿದಳು, ಕಥೆ ಕೇಳಿದಳು, ಅಳು ಬಂದಾಗ "ಹೊಗಿ, ಹೊಗಿ" ಎಂದು ಕಣ್ಣೊರೆಸಿಕೊಂಡಳು. ಹೊಗೆ ಎಲ್ಲಿತ್ತು, ಅಲ್ಲಿ ಒಲೆಯೇ ಇರಲಿಲ್ಲ. ಮಳೆಗಾಲ ಬರುವ ಹೊತ್ತಿಗೆ "ನನ್ನನ್ನೂ ಸೇರಿಸಿಕೊಳ್ರಿ" ಎಂದು ಕೇಳಿಯೇಬಿಟ್ಟಳು.

ದೀಕ್ಷಾಸ್ನಾನದ ಮಾತು ಬೇರೆ, ಅದು ಬಳ್ಳಾರಿಯಿಂದ ಪಾದ್ರಿಗಳು ಬಂದಾಗ. ಕೂಟಕ್ಕೆ ಸೇರುವುದೆಂದರೆ ತಿಂಗಳಿಗೊಮ್ಮೆ ನಡೆಯುವ ಊಟಕ್ಕೆ ಕೂರುವುದು, ಅಷ್ಟೇ. ನಡುವೆ ಒಂದು ದೊಡ್ಡ ಹಿತ್ತಾಳೆ ಹರಿವಾಣ. ಅದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪಿಂಡಿ ಚಟ್ನಿ. ಬೇರೆ ಬೇರೆ ಕೇರಿಗಳಿಂದ ಬಂದ ಆ ಹೆಂಗಸರು ಒಂದೇ ಹರಿವಾಣಕ್ಕೆ ಕೈ ಹಾಕಿ ಉಣ್ಣುತ್ತಿದ್ದರು. ಆ ಕಾಲದಲ್ಲಿ ಅದೇನು ಸಣ್ಣ ಮಾತಲ್ಲ. ಉಣ್ಣುವ ಮೊದಲು ಸುಗುಣಮ್ಮನವರು ಒಬ್ಬೊಬ್ಬರನ್ನೂ ಕೇಳುವುದು ರೂಢಿ: "ನಿಮ್ಮ ಎದಿಯೊಳಗ ಯಾರ ಮ್ಯಾಲರ ಹಗೆ ಐತೇನ್ರಿ?" ಅವರು "ಇಲ್ರೀ, ಸಮಾಧಾನ ಐತಿ" ಎನ್ನುವುದು. ವರ್ಷಗಟ್ಟಲೆ ಹೇಳಿ ಹೇಳಿ ಆ ಮಾತು ಬಾಯಿಪಾಠವಾಗಿತ್ತು. ಒಬ್ಬರು ಹೇಳುವಾಗ ಇನ್ನೊಬ್ಬರು ರೊಟ್ಟಿ ಮುರಿಯಲು ಶುರುಮಾಡಿರುತ್ತಿದ್ದರು.

ಉಚ್ಚೆಂಗಮ್ಮನ ಸರದಿ ಬಂತು.

"ಎದಿಯೊಳಗ ಯಾರ ಮ್ಯಾಲರ ಹಗೆ ಐತೇನ್ರಿ?"

"ಐತ್ರಿ," ಎಂದಳು ಉಚ್ಚೆಂಗಮ್ಮ.

ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು. ಇಂಥ ಉತ್ತರ ಆ ಹರಿವಾಣದ ಮುಂದೆ ಇದುವರೆಗೂ ಬಂದಿರಲಿಲ್ಲ. "ಐತಿ ಅಂದ್ರ... ಹಂಗಾರ ಪ್ರಾರ್ಥನಿ ಮಾಡೋಣ್ರಿ," ಎಂದರು ಸುಗುಣಮ್ಮನವರು.

"ಪ್ರಾರ್ಥನಿ ನೀವು ಮಾಡ್ರಿ. ಹಗೆ ನಂದು, ನಾ ತೀರಿಸಿ ಬರ್ತೀನಿ," ಎಂದು ಎದ್ದ ಉಚ್ಚೆಂಗಮ್ಮ ಹೊರಗೆ ಹೋಗಿ ಚರ್ಚಿನ ಕಟ್ಟೆಯ ಮೇಲೆ ಕುಳಿತಳು. ಎಷ್ಟು ಕರೆದರೂ ಊಟಕ್ಕೆ ಬರಲಿಲ್ಲ. "ಇಲ್ಲ ಅನ್ನೋ ತನಕ ನಾ ಹೊರಗ."

ಆಮೇಲೆ ಚಿತ್ತವಾಡ್ಗಿ ಕಂಡದ್ದು ಒಂದು ವಿಚಿತ್ರ ಮೆರವಣಿಗೆ. ಉಚ್ಚೆಂಗಮ್ಮ ತಾನು ಬೈದವರ ಮನೆಮನೆಗೂ ಮಂಡಾಳಿನ ಗಂಟು ಹಿಡಿದು ಹೊರಟಳು. ಅವಳು ಬರುವುದನ್ನು ಕಂಡ ಕೆಲವರು ಬಾಗಿಲು ಹಾಕಿಕೊಂಡರು. ದೊಡ್ಡಬಸಪ್ಪನವರಂತೂ ಗಿರಣಿಯ ಹಿಂದಿನ ಬಾಗಿಲಿಂದ ಜಾರಿಕೊಳ್ಳಲು ಹೋಗಿ ತೌಡಿನ ರಾಶಿಯಲ್ಲಿ ಎಡವಿ ಬಿದ್ದರು.

"ಏಳ್ರೀ ಸಾಹುಕಾರ್ರ, ಬೈಯಾಕ ಬಂದಿಲ್ಲ. ಹೋದ ವರ್ಷ ನಿಮ್ಮ ಮೀಸಿಗೆ ಬೈದಿದ್ದೆ. ತಪ್ಪಾತ್ರಿ."

"ಆತವ್ವ, ಆತು," ಎಂದರು ದೊಡ್ಡಬಸಪ್ಪನವರು ಮೈಯ ತೌಡು ಕೊಡವಿಕೊಳ್ಳುತ್ತ. "ಬೇಕಾದ್ರ ಇನ್ನೊಮ್ಮಿ ಬೈ. ಹಿಂಗ ಕೈ ಮುಗೀಬ್ಯಾಡ, ಭಾಳ ಅಂಜಿಕಿ ಬರ್ತೈತಿ."

ಇದೆಲ್ಲ ಸುಲಭದ್ದು. ಮುಖ್ಯವಾದ ಹಗೆ ಕಂಪ್ಲಿಯಲ್ಲಿತ್ತು, ಅದು ಅವಳಿಗೂ ಗೊತ್ತಿತ್ತು. ಕಮಲಾಪುರದ ಮೇಲೆ ಹೋಗುವ ಭತ್ತದ ಗಾಡಿಯೊಂದನ್ನು ಹತ್ತಿದಳು. ಅಣ್ಣನ ಮನೆಯ ಹಿತ್ತಲ ಬಾಗಿಲು ತಟ್ಟಿದಳು, ಬೀದಿಯ ಬಾಗಿಲಿಗೆ ಹೋಗಲು ಮುಖವಿರಲಿಲ್ಲ. ಅತ್ತಿಗೆ ಯಲ್ಲಕ್ಕ ಬಾಗಿಲು ತೆಗೆದಳು, ಯಾರೆಂದು ನೋಡಿದಳು, ಬಾಗಿಲು ಹಾಕಿದಳು. ಉಚ್ಚೆಂಗಮ್ಮ ಬಿಸಿಲು ಇಳಿಯುವ ತನಕ ಅಲ್ಲಿಯೇ ಕುಳಿತು ಎದ್ದು ಬಂದಳು.

ಆ ತಿಂಗಳ ಊಟದ ದಿನವೂ ಅವಳು ಕಟ್ಟೆಯ ಮೇಲೆಯೇ. ಸುಗುಣಮ್ಮನವರು ಹೊರಗೆ ಬಂದು ಪಕ್ಕದಲ್ಲಿ ಕುಳಿತರು.

"ನೀವು ಹೋಗಿ ಬಂದ್ರಿ. ಅವರು ಬಾಗಿಲು ಹಾಕಿದ್ರ ಅದು ಅವರದು. ನಿಮ್ಮ ಕೆಲಸ ಮುಗೀತಲ್ರಿ. ಬರ್ರಿ, ಉಣಬರ್ರಿ."

"ನಾ ಹೋಗಿ ಬಂದೆ ಅಂದ್ರ ಸಮಾಧಾನ ಆತೇನ್ರಿ? ನೀವು ಕೇಳೋದು ಕಂಪ್ಲಿಗೆ ಹೋಗಿದ್ದಿ ಏನು ಅಂತಲ್ಲ, ಹಗೆ ಐತೇನು ಅಂತ. ಐತ್ರಿ ಇನ್ನೂ."

ಸುಗುಣಮ್ಮನವರು ಎದ್ದು ಒಳಗೆ ಹೋದರು. ಅಂದು ಕೇಳುವ ಸರದಿಯಲ್ಲಿ, ಕೂಟದಲ್ಲಿದ್ದ ಆಸ್ಪತ್ರೆಯ ಕಾಂಪೌಂಡರರ ಹೆಂಡತಿಗೆ "ಇಲ್ರೀ" ಎನ್ನಲು ನಾಲಿಗೆ ಏಳಲಿಲ್ಲವಂತೆ. ಊಟ ಬಿಟ್ಟು ಎದ್ದು, ವರ್ಷಗಳಿಂದ ಮಾತು ಬಿಟ್ಟಿದ್ದ ಗೋಡೆಯಾಚೆಯ ಓರಗಿತ್ತಿಯ ಮನೆಗೆ ಹೋದಳಂತೆ. ಕಟ್ಟೆಯ ಮೇಲೆ ಕುಳಿತಿದ್ದ ಆ ಒಬ್ಬ ಹೆಂಗಸಿನಿಂದಾಗಿ ಬಾಯಿಪಾಠದ ಮಾತಿಗೆ ಮತ್ತೆ ಜೀವ ಬಂದಿತ್ತು. ತಾನು ಹೀಗೆ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗಿದ್ದದ್ದು ಒಂದೇ ಹಂಬಲ. ಬೈಸಿಕೊಂಡೂ ತಿರುಗಿ ಬಂದ ಆ ಹೆಂಗಸರ ನಡುವೆ ಕೂತು, ಸುಳ್ಳು ಹೇಳದೆ, ಒಂದು ತುತ್ತು ಉಣ್ಣಬೇಕು.

ಎರಡನೆಯ ಸಲ ಹೋದಾಗ ಯಲ್ಲಕ್ಕ ಬಾಗಿಲು ಹಾಕಲಿಲ್ಲ, ಬಾಯಿ ತೆಗೆದಳು. "ಮಣ್ಣು ತೂರಿದ್ದು ಊರ ಮುಂದ. ತಪ್ಪಾತು ಅನ್ನಾಕ ಹಿತ್ತಲ ಬಾಗಿಲಿಗೆ ಬರ್ತೀಯೇನು? ನನ್ನ ಮಗಳ ಹಣೀಬರ ಅಳಿಸಿ ಈಗ ಕಳ್ಳರಂಗ ಬಂದೀಯೇನು?"

ಬೇರೆಯವರಾಗಿದ್ದರೆ ಈ ಮಾತಿಗೆ ಮುದುಡಿಬಿಡುತ್ತಿದ್ದರು. ಉಚ್ಚೆಂಗಮ್ಮ ತಿರುಗುವ ದಾರಿಯುದ್ದಕ್ಕೂ ಗಾಡಿಯಲ್ಲಿ ಕುಳಿತು ಅದನ್ನೇ ಯೋಚಿಸಿದಳು. ಯಲ್ಲಕ್ಕ ಹೇಳಿದ್ದು ಬೈಗುಳವಲ್ಲ, ನ್ಯಾಯ. ಜೀವನವೆಲ್ಲ ಬೈಯುತ್ತ ಬಂದವಳಿಗೆ ಬೈಗುಳಕ್ಕೂ ನ್ಯಾಯಕ್ಕೂ ಇರುವ ವ್ಯತ್ಯಾಸ ಗೊತ್ತಾಗದೆ ಇದ್ದೀತೇ?

ಚಳಿಗಾಲ ಬಂತು. ಕಂಪ್ಲಿಯ ಹೊಲಗಳಲ್ಲಿ ಆಲೆಮನೆಗಳು ಹೊಗೆಯಾಡಿದವು. ಚನ್ನಯ್ಯನ ಆಲೆಮನೆಯಲ್ಲಿ ಕಬ್ಬು ಅರೆಯುವ ದಿನವೆಂದರೆ ನೆಂಟರು, ಆಳುಗಳು, ದಾರಿಹೋಕರು ಎಲ್ಲ ಸೇರುತ್ತಿದ್ದರು. ಆಲೆಮನೆಗೆ ಬಂದವರನ್ನು, ವೈರಿಯೇ ಆಗಿರಲಿ, ಒಂದು ಚೊಂಬು ಕಬ್ಬಿನ ಹಾಲು ಕೊಡದೆ ಕಳಿಸಬಾರದೆಂಬುದು ಅಲ್ಲಿನ ಕಟ್ಟಳೆ. ಉಚ್ಚೆಂಗಮ್ಮ ಹೋಗಿ ಆ ಜನರ ನಟ್ಟನಡುವೆ ನಿಂತಳು. ಗಾಣದ ಎತ್ತುಗಳನ್ನು ಹೊಡೆಯುತ್ತಿದ್ದವನು ಎತ್ತು ನಿಲ್ಲಿಸಿದ. ಚನ್ನಯ್ಯ ಕೊಪ್ಪರಿಗೆಯ ಬಳಿಯಿಂದ ಎದ್ದುಬಂದ. ಕಟ್ಟಳೆ ಮುರಿಯಲಾರದೆ ಚೊಂಬು ತುಂಬಿ, ಮುಖ ಆ ಕಡೆ ತಿರುಗಿಸಿ ಮುಂದೆ ಹಿಡಿದ.

"ಹಾಲು ಕುಡಿಯಾಕ ಬಂದಿಲ್ಲಣ್ಣ," ಎಂದಳು ಅವಳು.

ಬಗ್ಗಿದಳು. ಬಲಗೈಯಿಂದ, ಆ ಸುಟ್ಟ ಕಲೆಯ ಕೈಯಿಂದಲೇ, ಹಿಡಿ ಮಣ್ಣು ತೆಗೆದಳು. ಯಲ್ಲಕ್ಕ "ಅಯ್ಯಯ್ಯೋ, ಮತ್ತ ತೂರ್ತಾಳ!" ಎಂದು ಚೀರಿ ಮಗಳ ಮುಂದೆ ಅಡ್ಡ ನಿಂತಳು. ಉಚ್ಚೆಂಗಮ್ಮ ಮಣ್ಣನ್ನು ತನ್ನ ತಲೆಯ ಮೇಲೆ ಸುರಿದುಕೊಂಡಳು. ಮತ್ತೊಂದು ಹಿಡಿ ತೆಗೆದಳು, ಅದನ್ನೂ ಸುರಿದುಕೊಂಡಳು.

"ಊರ ಮುಂದ ಕೇಳ್ರಿ. ಹಂದರದ ಮುಂದ ನಾ ಆಡಿದ ಮಾತು ನನ್ನ ತಲಿ ಮ್ಯಾಲ ಬೀಳಲಿ. ಆ ಹುಡುಗ ಸತ್ತದ್ದು ನನ್ನ ಕೈಯಿಂದ. ಇದನ್ನ ಹೇಳಾಕ ಅಂಜಿ ಇಷ್ಟು ವರ್ಷ ಊರಿಗೆಲ್ಲ ಬೈಕೋತ ತಿರುಗಿದೆ." ಮಣ್ಣು ಹಣೆಯ ಮೇಲಿಂದ ಕಣ್ಣಿಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿತ್ತು. ಆಗ ಹುಲಿಗೆಮ್ಮ ತಾಯಿಯನ್ನು ಪಕ್ಕಕ್ಕೆ ಸರಿಸಿ ಬಂದಳು. ಅತ್ತೆಯ ತೋಳು ಹಿಡಿದು ಕಾಲುವೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಸೊಂಟದ ಮಟ್ಟ ನೀರಿಗಿಳಿದು, ಬಿಂದಿಗೆಯಲ್ಲಿ ಮೊಗೆದು ಅವಳ ತಲೆಯ ಮೇಲೆ ಹೊಯ್ದಳು. ಕೂದಲ ಬುಡ ಬಿಡಿಸಿ ಬಿಡಿಸಿ ಮಣ್ಣು ತೊಳೆದಳು.

"ಅತ್ತಿ, ಅಂವಗ ಕೆಮ್ಮು ಲಗ್ನಕ್ಕಿಂತ ಮೊದಲ ಇತ್ತು," ಎಂದಳು ತೊಳೆಯುತ್ತಲೇ. "ಅವರ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ನಿನ್ನ ಮಣ್ಣಿನಾಗ ಏನೂ ಇದ್ದಿಲ್ಲ. ನನಗ ಸಿಟ್ಟು ಬಂದದ್ದು ಅದಕ್ಕಲ್ಲ."

"ಮತ್ತ್ಯಾಕವ್ವ?"

ಹುಲಿಗೆಮ್ಮನ ಕೈ ನಿಂತಿತು. "ಅಂವ ಸತ್ತಾಗ ಎಲ್ಲಾರೂ ಬಂದ್ರು. ಅತ್ತು ಹೋದ್ರು. ನೀ ಬರಲಿಲ್ಲ. ನಾ ಸಣ್ಣಾಕಿ ಇದ್ದಾಗ ವರ್ಷಾ ಬಂದು ಉಡಿ ತುಂಬಿದಾಕಿ ನೀನು. ನನ್ನ ಉಡಿ ಬರಿದಾದಾಗ ಬರಲಿಲ್ಲ. ಗಾಡಿ ಸದ್ದಾದಾಗೊಮ್ಮಿ ನಾ ಬಾಗಿಲಿಗೆ ಬರ್ತಿದ್ದೆ ಅತ್ತಿ."

ಉಚ್ಚೆಂಗಮ್ಮನಿಗೆ ಅಂದು ಅಲ್ಲಿಯ ತನಕ ಕಣ್ಣೀರು ಬಂದಿರಲಿಲ್ಲ. ಆಗ ಬಂತು. ಇಷ್ಟು ವರ್ಷ ಹೊತ್ತು ತಿರುಗಿದ ಪಾಪ ತನ್ನದಲ್ಲವೇ ಅಲ್ಲ. ಮಾಡಿದ ಪಾಪ ಬೇರೆಯೇ ಇತ್ತು, ಅದು ತನಗೆ ಹೊಳೆದೂ ಇರಲಿಲ್ಲ. ನಾನು ಕೊಂದೆನೆಂಬ ಅಂಜಿಕೆಯಲ್ಲಿ ಮನೆಯಲ್ಲಿ ಕುಳಿತು, ಬಾಗಿಲಲ್ಲಿ ನಿಂತು ಕಾಯುತ್ತಿದ್ದ ಹುಡುಗಿಯನ್ನು ಮರೆತಿದ್ದಳು. ಒದ್ದೆ ಸೆರಗಿನ ಗಂಟು ಬಿಚ್ಚಿದಳು. ತರುವಾಗ ಗರಿಗರಿಯಾಗಿದ್ದ ಮಂಡಾಳು ನೀರು ಕುಡಿದು ಮೆತ್ತಗಾಗಿತ್ತು. ಅದನ್ನೇ ಎರಡೂ ಕೈಯಲ್ಲಿ ತೆಗೆದು ಹುಲಿಗೆಮ್ಮನ ಸೆರಗಿಗೆ ಸುರಿದಳು. ವಿಧವೆಯ ಉಡಿಗೆ ಹೀಗೆ ಏನನ್ನೂ ಹಾಕಬಾರದೆಂದು ಆಲೆಮನೆಯಿಂದ ಹಿಂದೆಯೇ ಬಂದು ದಂಡೆಯ ಮೇಲೆ ನಿಂತಿದ್ದವರೆಲ್ಲರಿಗೂ ಗೊತ್ತಿತ್ತು. ಒಬ್ಬರೂ ಬೇಡವೆನ್ನಲಿಲ್ಲ. ಯಲ್ಲಕ್ಕ ಸೆರಗು ಬಾಯಿಗೊತ್ತಿಕೊಂಡು ಆಲೆಮನೆಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಚನ್ನಯ್ಯ ಅದೇ ಚೊಂಬು ಹಿಡಿದು ಬಂದು ತಂಗಿಯ ಮುಂದೆ ಇಟ್ಟ. ಈ ಸಲ ಮುಖ ತಿರುಗಿಸಲಿಲ್ಲ.

ಹುಲಿಗೆಮ್ಮ ತಾನೇ ಕೇಳಿ ಅತ್ತೆಯ ಗಾಡಿ ಹತ್ತಿದಳು, ನಾಲ್ಕು ದಿನ ಇದ್ದು ಬರುತ್ತೇನೆಂದು. ಆ ನಾಲ್ಕು ದಿನದಲ್ಲಿಯೇ ಕೂಟದ ಊಟ ಬಂತು. ಅವಳು ಆ ಧರ್ಮಕ್ಕೆ ಸೇರಿದವಳಲ್ಲ, ಮುಂದೆಯೂ ಸೇರಲಿಲ್ಲ. ಬಾಗಿಲ ಹತ್ತಿರ ಚೌಕಟ್ಟಿಗೆ ಒರಗಿ ಕುಳಿತಳು. ಉಚ್ಚೆಂಗಮ್ಮ ಅಂದು ಕಟ್ಟೆಯ ಮೇಲೆ ಕೂರದೆ ಒಳಗೆ ಬಂದದ್ದನ್ನು ನೋಡಿ ಹೆಂಗಸರೆಲ್ಲ ಸರಿದು ಜಾಗ ಮಾಡಿದರು. ಆದರೂ ಅವಳು ಒಂದು ಗೇಣು ಹಿಂದೆಯೇ ಕುಳಿತಳು.

ಸುಗುಣಮ್ಮನವರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಈಗ ಯಾರೂ ಅವಸರದಲ್ಲಿ ಉತ್ತರ ಕೊಡುತ್ತಿರಲಿಲ್ಲ. ಕೊನೆಗೆ ಅವಳ ಮುಂದೆ ನಿಂತರು.

"ಉಚ್ಚೆಂಗಮ್ಮಾರ, ಎದಿಯೊಳಗ ಹಗೆ ಐತೇನ್ರಿ?"

ಉಚ್ಚೆಂಗಮ್ಮ ಬಾಯಿ ತೆರೆದಳು. "ಇಲ್ರೀ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ತಿಂಗಳಿಂದ ಕಾದಿದ್ದ ಮಾತು ಅದು. ಆದರೆ ಆಡಲಿಲ್ಲ. ನೋವುಂಡವಳು ಬಾಗಿಲಲ್ಲಿ ಕುಳಿತಿರುವಾಗ ಆ ಉತ್ತರ ತಾನು ಕೊಡುವಂಥದ್ದಲ್ಲ ಎನಿಸಿತು. ಕುಳಿತಲ್ಲಿಯೇ ಹಿಂತಿರುಗಿ ನೋಡಿದಳು.

"ನೀ ಹೇಳವ್ವ ಹುಲಿಗವ್ವ. ಐತೇನು?"

ಹುಲಿಗೆಮ್ಮ ಅತ್ತೆಯನ್ನು ನೋಡಿದಳು, ಹರಿವಾಣವನ್ನು ನೋಡಿದಳು. ಕಣ್ಣು ತುಂಬಿತ್ತು, ಆದರೂ ನಗು ಬಂತು.

"ಉಣ್ಣತ್ತಿ," ಎಂದಳು, "ರೊಟ್ಟಿ ಆರಾಕತ್ತಾವು."

ಉಚ್ಚೆಂಗಮ್ಮ ಆ ಬಲಗೈ ತೊಳೆದುಕೊಂಡು, ಹರಿವಾಣದ ಹತ್ತಿರಕ್ಕೆ ಸರಿದು ಕುಳಿತಳು.